ಬೇಕಂತಲೇ ಬೀಳುವುದಿಲ್ಲ

"ಇನ್ಮೇಲೆ ನಿನ್ನ ಕೈಲಿ ನಾನು ಬೇಕಂತಲೇ ಬೀಳಲ್ಲ. ಬಿದ್ದರೆ ನಿಜವಾಗಿ ಬೀಳ್ತೀನಿ, ಇಲ್ಲಾಂದ್ರೆ ನಿಂತೇ ಇರ್ತೀನಿ. ನಿನ್ನಾಣೆ." ಹನ್ನೊಂದು ವರ್ಷದ ಹಿಂದೆ ಬೀರು ತನ್ನ ಎಂಟು ವರ್ಷದ ಮಗಳಿಗೆ ಹೀಗೆಂದು ಮಾತು ಕೊಟ್ಟಿದ್ದ.

ಬೀರು ಅನ್ನುವುದು ಕೆಲಸದ ಜಾಗದಲ್ಲಿ ಅವನಿಗೆ ಅಂಟಿಕೊಂಡ ಹೆಸರು. ಮನೆ ಬದಲಾಯಿಸುವವರ ಸಾಮಾನನ್ನು ಹೊತ್ತು ಲಾರಿಗೆ ಏರಿಸುವುದು, ಇನ್ನೊಂದು ಮನೆಯ ಮೆಟ್ಟಿಲು ಹತ್ತಿಸುವುದು ಅವನ ಕಸುಬು. ಅಗಲ ಭುಜ, ನೆಟ್ಟಗಿನ ಬೆನ್ನು, ಇಟ್ಟ ಕಡೆ ಅಲುಗಾಡದೆ ನಿಲ್ಲುವ ಮೈ. ಹೊರುವವನು ಯಾರು, ಹೊರಿಸಿಕೊಳ್ಳುವ ಬೀರು ಯಾವುದು ಅಂತ ದೂರದಿಂದ ಗೊತ್ತಾಗುವುದಿಲ್ಲ ಎಂದು ಜೊತೆಗಾರರು ನಗುತ್ತಿದ್ದರು. ವಾರಕ್ಕೆ ಎರಡು ಸಂಜೆ ಅವನು ಜೂಡೋ ಕ್ಲಬ್ಬಿಗೆ ಹೋಗುತ್ತಿದ್ದ. ಮಗಳನ್ನೂ ಕರೆದುಕೊಂಡು ಹೋಗುತ್ತಿದ್ದ.

ಆ ದಿನ ಮನೆಗೆ ನೆಂಟರು ಬಂದಿದ್ದರು. ಅದೇ ವಾರ ಮಗಳು ಕಾಲು ಗುಡಿಸುವ ಪಟ್ಟು ಕಲಿತಿದ್ದಳು. ಎದುರಾಳಿ ಹೆಜ್ಜೆ ಇಡುವ ಹೊತ್ತಿಗೆ ಸರಿಯಾಗಿ ಅವನ ಪಾದವನ್ನು ಪೊರಕೆಯ ಹಾಗೆ ಪಕ್ಕಕ್ಕೆ ಗುಡಿಸಿಬಿಡುವುದು. ನಡುಮನೆಯಲ್ಲಿ ಕುರ್ಚಿ ಸರಿಸಿ, ಎಲ್ಲರ ಮುಂದೆ ಅಪ್ಪನ ಮೇಲೆ ಪ್ರಯೋಗಿಸಿದಳು. ಬೀರು ಪಾತ್ರೆಗಳೆಲ್ಲ ಅದುರುವಂತೆ ದಡಾರನೆ ಬಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳು ಮಾತ್ರ ಬಾಗಿಲ ಹಿಂದೆ ಹೋಗಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

"ನನ್ನ ಕಾಲು ತಾಗೋಕೆ ಮುಂಚೆನೇ ನಿನ್ನ ಕಾಲು ಎದ್ದಿತ್ತು. ನಾನು ನೋಡ್ದೆ. ನೀನು ಸುಳ್ಳ."

ಬೀರು ಮೊದಲು ನಕ್ಕ. ಆ ಕಣ್ಣು ನೋಡಿದ ಮೇಲೆ ನಗು ನಿಲ್ಲಿಸಿದ. ಮೊಣಕಾಲೂರಿ ಕೂತು ಆಣೆ ಇಟ್ಟ.

ಆಮೇಲಿನ ಹನ್ನೊಂದು ವರ್ಷ ಅವನು ಕ್ಲಬ್ಬಿನ ಮಕ್ಕಳಿಗೆಲ್ಲ ಬಿದ್ದ. ಯಾರ ಮೊದಲ ಪಟ್ಟಾದರೂ ಸರಿ, ಅದು ಬೀರುವಿನ ಮೇಲೆಯೇ. ಅಂಜುಬುರುಕ ಮಕ್ಕಳಿಗೆ ಧೈರ್ಯ ಬರಲಿ ಅಂತ ಎತ್ತರಕ್ಕೆ ಹಾರಿ ಬೀಳುತ್ತಿದ್ದ. ಜಂಬದ ಮಕ್ಕಳಿಗೆ ಸ್ವಲ್ಪ ಕಾಡಿಸಿ ಬೀಳುತ್ತಿದ್ದ. ಮಗಳ ಕೈಗೆ ಮಾತ್ರ ಒಂದು ಸಲವೂ ಬೀಳಲಿಲ್ಲ. ಅವಳು ಬೆಳೆದಳು, ತನಗಿಂತ ದಪ್ಪಗಿದ್ದವರನ್ನೆಲ್ಲ ಎತ್ತಿ ಕೆಡವಿದಳು. ಅಪ್ಪ ಮಾತ್ರ ನಿಂತೇ ಇದ್ದ. "ಊರ ಮಕ್ಕಳಿಗೆಲ್ಲ ಹಾಸಿಗೆ, ಮನೆ ಮಗಳಿಗೆ ಗೋಡೆ" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಕ್ಲಬ್ಬಿನವರ ಹರಿದ ಅಂಗಿಗಳನ್ನೆಲ್ಲ ಹೊಲಿದುಕೊಡುವವಳು ಅವಳೇ. ಯಾರ ಕಾಲರು ಎಷ್ಟು ಎಳೆಸಿಕೊಂಡಿದೆ ಎಂದು ಹೊಲಿಗೆ ನೋಡಿಯೇ ಹೇಳುತ್ತಿದ್ದಳು.

ಈಗ ಮಗಳಿಗೆ ಹತ್ತೊಂಬತ್ತು. ಭಾನುವಾರ ಬೆಳಗ್ಗೆ ಕಪ್ಪು ಬೆಲ್ಟಿನ ಪರೀಕ್ಷೆ.

ವರ್ಷಕ್ಕೊಂದೇ ಪರೀಕ್ಷೆ. ಈ ಸಲದ್ದು ಬರೀ ಬೆಲ್ಟಿನ ಮಾತಾಗಿರಲಿಲ್ಲ. ಪಕ್ಕದ ಬೀದಿಯ ಶಾಲೆಯವರು ಮಕ್ಕಳಿಗೆ ಜೂಡೋ ಕಲಿಸಲು ಒಬ್ಬರನ್ನು ಹುಡುಕುತ್ತಿದ್ದರು. ಮಗಳನ್ನು ನೋಡಿ ಹೆಡ್‌ಮಿಸ್ಟ್ರೆಸ್‌ಗೆ ಹಿಡಿಸಿಬಿಟ್ಟಿತ್ತು. "ಕಪ್ಪು ಬೆಲ್ಟು ಇದ್ದರೆ ಸೋಮವಾರವೇ ಬಾಮ್ಮ. ಇಲ್ಲದಿದ್ದರೆ ನಮ್ಮ ಕಮಿಟಿ ಒಪ್ಪಲ್ಲ, ಬೇರೆಯವರನ್ನ ನೋಡ್ಕೋಬೇಕಾಗುತ್ತೆ" ಎಂದಿದ್ದರು. ಎರಡು ವರ್ಷದಿಂದ ಮಗಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಬಿಸಿ ಹೊದಿಕೆಗಳನ್ನು ಮಡಚುತ್ತಿದ್ದಳು. ದಿನಕ್ಕೆ ಎಂಟು ಗಂಟೆ ನಿಂತೇ ಇರುವ ಕೆಲಸ. ಮಕ್ಕಳಿಗೆ ಕಲಿಸಬೇಕು ಅನ್ನುವುದು ಹನ್ನೆರಡನೇ ವಯಸ್ಸಿನಿಂದ ಅವಳ ತಲೆಯಲ್ಲಿ ಕೂತ ಆಸೆ.

ಕ್ಲಬ್ಬು ಇದ್ದದ್ದು ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ, ಮೇಲೆ ಹೋದರೆ ಬೆವರಿನ ವಾಸನೆ. ಕಿಟಕಿಗಳು ತಗ್ಗಿನಲ್ಲಿದ್ದವು. ಬಲ್ಬುಗಳಿಗೆ ತಂತಿಯ ಪಂಜರ ಹಾಕಿದ್ದರು, ಹಾರಿದವರ ಕಾಲು ತಗುಲದಿರಲಿ ಅಂತ. ಹಸಿರು ಮ್ಯಾಟಿನ ಸುತ್ತ ಆ ದಿನ ಐವತ್ತು ಜನ ಕೂತಿದ್ದರು. ಬೀರುವಿನ ಜೊತೆ ಲಾರಿಯಲ್ಲಿ ದುಡಿಯುವ, ಎಲ್ಲರೂ ಹಗ್ಗ ಅನ್ನುವ ಗೆಳೆಯ ಕೂಡ ಬಂದಿದ್ದ. ತೆಳ್ಳಗೆ, ಉದ್ದಕ್ಕೆ, ಸಾಮಾನಿಗೆ ಹಗ್ಗ ಬಿಗಿಯುವುದರಲ್ಲಿ ಎತ್ತಿದ ಕೈ. ಜೂಡೋದ ಗಂಧಗಾಳಿ ಗೊತ್ತಿಲ್ಲ, ಬಾಯಿಗೆ ಮಾತ್ರ ಬೀಗವಿಲ್ಲ.

ಕ್ಲಬ್ಬನ್ನು ನಡೆಸುವವರು ಎಪ್ಪತ್ತರ ಹೆಂಗಸು. ಎಲ್ಲರೂ ಮಾಸ್ಟ್ರಮ್ಮ ಅನ್ನುತ್ತಿದ್ದರು. ಮ್ಯಾಟಿಗೆ ಉಜ್ಜಿ ಉಜ್ಜಿ ಅವರ ಎಡಗಿವಿ ಒಣದ್ರಾಕ್ಷಿಯಂತೆ ಮುದುರಿಹೋಗಿತ್ತು. ಅವರ ಪರೀಕ್ಷೆಗೆ ಅವರದೇ ಪದ್ಧತಿ. ಎದುರಾಳಿ ಯಾರೆಂದು ಮೊದಲೇ ಗೊತ್ತಾಗಬಾರದು. ಬಾಗಿಲ ಹೊರಗೆ ಹಿರಿಯರು ಬಿಟ್ಟ ಚಪ್ಪಲಿಗಳನ್ನು ಒಂದು ಗೋಣಿಚೀಲಕ್ಕೆ ತುಂಬುವುದು, ಮಾಸ್ಟ್ರಮ್ಮ ಕಣ್ಣು ಮುಚ್ಚಿ ಒಂದನ್ನು ಎತ್ತುವುದು. ಚಪ್ಪಲಿ ಯಾರದೋ ಅವರೇ ಎದುರಾಳಿ. ನಾಲ್ಕು ನಿಮಿಷ. ಪರೀಕ್ಷೆಗೆ ನಿಂತವರು ಎಷ್ಟು ಸಲ ಬಿದ್ದರೂ ಲೆಕ್ಕಕ್ಕಿಲ್ಲ. ಒಂದೇ ಒಂದು ಸಲ ಎದುರಾಳಿಯ ಇಡೀ ಬೆನ್ನು ಮ್ಯಾಟಿಗೆ ತಾಗಬೇಕು.

ಮಾಸ್ಟ್ರಮ್ಮ ಕಣ್ಣು ಮುಚ್ಚಿದರು. ಚೀಲದೊಳಗೆ ಕೈಯಾಡಿಸಿದರು. ಮೇಲೆ ಬಂದ ಚಪ್ಪಲಿಗೆ ಲಾರಿಯ ಪ್ಯಾಕಿಂಗ್ ಟೇಪು ಸುತ್ತಿತ್ತು.

ಕೂತವರೆಲ್ಲ ಒಟ್ಟಿಗೆ "ಅಯ್ಯೋ" ಅಂದರು.

"ಲೋ ಬೀರೂ, ಎಷ್ಟು ಸಲ ಹೇಳಿದ್ದೆ, ಹೊಸ ಚಪ್ಪಲಿ ತಗೋ ಅಂತ!" ಹಗ್ಗ ಕೂಗಿದ.

"ಮನೆಯವರು ಸಿಕ್ಕಿದರೆ ಬೇಡ ಅನ್ನಬಹುದು" ಎಂದರು ಮಾಸ್ಟ್ರಮ್ಮ. "ಇನ್ನೊಂದು ಎತ್ತಲಾ?"

ಬೀರು "ಎತ್ತಿ" ಎನ್ನಲು ಬಾಯಿ ತೆರೆದಿದ್ದ.

"ಬೇಡ ಮಾಸ್ಟ್ರಮ್ಮ" ಎಂದಳು ಮಗಳು. "ಬೇರೆಯವರು ಪಾಪ ಅಂತ ಬಿದ್ದರೆ ನನಗೆ ಗೊತ್ತಾಗಲ್ಲ. ಅಪ್ಪ ಬಿದ್ದರೆ ಗೊತ್ತಾಗುತ್ತೆ."

ಬೀರು ಅಂಗಿ ಸರಿಮಾಡಿಕೊಳ್ಳುವ ನೆಪದಲ್ಲಿ, ಗೋಡೆ ಬದಿಯ ಬೆಂಚಿನಲ್ಲಿ ಕೂತಿದ್ದ ಹೆಂಡತಿಯ ಹತ್ತಿರ ಹೋದ. "ಏನ್ ಮಾಡ್ಲೇ?"

"ನನ್ನ ಕೇಳ್ಬೇಡಿ. ಬೀಳಿ ಅಂದ್ರೆ ಅವಳು ನನ್ನ ಜೊತೆ ಮಾತು ಬಿಡ್ತಾಳೆ. ಬೀಳ್ಬೇಡಿ ಅನ್ನೋಕೆ ನನ್ನ ಹೊಟ್ಟೆ ಕೇಳಲ್ಲ." ಅವನ ಬೆಲ್ಟಿನ ಗಂಟನ್ನು ಜಗ್ಗಿ ಬಿಗಿ ಮಾಡಿದಳು. "ನಿಮ್ಮಿಬ್ಬರ ಕಾಲರಿಗೂ ನಿನ್ನೆ ಎರಡೆರಡು ಹೊಲಿಗೆ ಹಾಕಿದ್ದೀನಿ. ಹರ್ಕೊಂಡು ಬಂದವರು ಸೂಜಿ ಹಿಡೀಬೇಕು, ಅಷ್ಟೇ ನನ್ನ ಮಾತು."

ಇಬ್ಬರೂ ಎದುರುಬದುರು ನಿಂತು ಬಾಗಿದರು. ಮಾಸ್ಟ್ರಮ್ಮನ ಕೈ ಕೆಳಗಿಳಿಯಿತು.

ಮಗಳು ಬಂದ ರಭಸಕ್ಕೆ ಬೀರುವಿಗೆ ಉಸಿರೆಳೆಯಲು ಪುರುಸೊತ್ತಾಗಲಿಲ್ಲ. ಎಡಗೈ ಅವನ ತೋಳನ್ನು ಮೊಣಕೈ ಹತ್ತಿರ ಹಿಡಿಯಿತು, ಬಲಗೈ ಕಾಲರಿಗೆ ಬಿತ್ತು. ಲಾಂಡ್ರಿಯ ಬಿಸಿಗೆ ಕಾಯಿಗಟ್ಟಿದ ಬೆರಳುಗಳು. ಅವನು ಒದರಿಕೊಂಡ, ಮತ್ತೆ ಹಿಡಿದಳು. ಪಾದವನ್ನು ಎತ್ತಿ ಇಡುತ್ತಿರಲಿಲ್ಲ, ಮ್ಯಾಟಿನ ಮೇಲೆ ಜಾರಿಸುತ್ತಿದ್ದಳು. ಎತ್ತಿದ ಕಾಲು ಎದುರಾಳಿಗೆ ಕೊಟ್ಟ ಕಾಲು ಅಂತ ಅವನೇ ಕಲಿಸಿದ್ದು.

ಬೀರು ಕಣ್ಣಿನಿಂದ ಆಡುವವನಲ್ಲ. ಕೈಯಿಂದ ಕೇಳುವವನು. ದೊಡ್ಡ ಕಪಾಟೊಂದನ್ನು ಮೂರನೇ ಮಹಡಿಯಿಂದ ಇಳಿಸುವಾಗ ಅದು ಯಾವ ಕಡೆ ವಾಲಬೇಕೆಂದಿದೆ ಅನ್ನುವುದನ್ನು ಅದು ವಾಲುವುದಕ್ಕೆ ಮೊದಲೇ ಅಂಗೈ ಹೇಳಿಬಿಡುತ್ತದೆ. ಮಗಳ ಅಂಗಿಯ ಬಟ್ಟೆಯೂ ಹಾಗೇ ಹೇಳಿತು, ಬಲಕ್ಕೆ ಬರ್ತಾಳೆ ಅಂತ. ಅವಳು ಬಲಕ್ಕೆ ಬಂದಳು. ಬೀರು ಸೊಂಟವನ್ನು ಅವಳ ಸೊಂಟದ ಕೆಳಗೆ ತಳ್ಳಿ ತಿರುಗಿದ. ಅವಳು ಅವನ ಬೆನ್ನಿನ ಮೇಲಿಂದ ಉರುಳಿ ಹೋಗಿ ಫಳಾರನೆ ಮ್ಯಾಟು ಬಡಿದಳು.

ಬಡಿದ ಸದ್ದು ಗೋಡೆಗೆ ತಾಗಿ ವಾಪಸು ಬರುವಷ್ಟರಲ್ಲಿ ಎದ್ದು ನಿಂತಿದ್ದಳು.

"ಮೂರು ನಿಮಿಷ ಇದೆ" ಎಂದರು ಮಾಸ್ಟ್ರಮ್ಮ.

ಎರಡನೇ ನಿಮಿಷದಲ್ಲಿ ಅವಳು ಆಟ ಬದಲಾಯಿಸಿದಳು. ಮುಂದಕ್ಕೆ ಎಳೆಯುವ ಹಾಗೆ ತೋರಿಸಿ, ಅವನು ಹಿಂದಕ್ಕೆ ಜಗ್ಗಿದ ಗಳಿಗೆಯಲ್ಲೇ ಒಳಗಾಲಿಗೆ ಕಾಲು ಕೊಟ್ಟಳು. ಬೀರುವಿನ ಮೈ ಹಿಂದಕ್ಕೆ ಹೋಯಿತು, ಗಾಳಿಯಲ್ಲೇ ಹೊರಳಿಕೊಂಡ, ಒಂದು ಮೊಣಕಾಲೂರಿ ಉಳಿದುಕೊಂಡ. ಮ್ಯಾಟಿನ ಸುತ್ತ ಕೂತಿದ್ದವರೆಲ್ಲ ಎದ್ದು ನಿಂತರು. ಮಾಸ್ಟ್ರಮ್ಮ ಇಲ್ಲ ಅನ್ನುವಂತೆ ಕೈಯಾಡಿಸಿದರು.

"ಏನಮ್ಮಾ ಮಾಸ್ಟ್ರಮ್ಮ, ಅರ್ಧ ಬಿದ್ನಲ್ಲ, ಅರ್ಧ ಬೆಲ್ಟಾದ್ರೂ ಕೊಡಿ!" ಹಗ್ಗನ ದನಿ.

"ನೀನು ಕೂತ್ಕೋ. ಇಲ್ಲಾಂದ್ರೆ ಮುಂದಿನ ಚಪ್ಪಲಿ ನಿಂದು."

ಬೀರುವಿಗೆ ಒಂದು ವಿಷಯ ಹೊಳೆಯಿತು. ಅವನಿಗೆ ಖುಷಿಯಾಗುತ್ತಿತ್ತು! ಕಿವಿಯಲ್ಲಿ ರಕ್ತ ಬಡಿಯುತ್ತಿತ್ತು, ಅಂಗಾಲು ಚುರುಗುಟ್ಟುತ್ತಿತ್ತು, ಇಪ್ಪತ್ತು ವರ್ಷದ ಹಿಂದೆ ಹೀಗಾಗುತ್ತಿತ್ತು. ಮಕ್ಕಳಿಗೆ ಬಿದ್ದು ಬಿದ್ದು ಮೈ ಮರೆತುಬಿಟ್ಟಿದ್ದ ರುಚಿ ಅದು. ಮುನ್ನುಗ್ಗಿ ಹೊರಗಾಲಿಗೆ ಕಾಲು ಹೆಣೆದು ಅವಳನ್ನು ಹಿಂದಕ್ಕೆ ಕೆಡವಿದ. ಈ ಸಲ ಜೋರಾಗಿಯೇ ಬಿದ್ದಳು. ಉಸಿರು ಹೊರಗೆ ಹೋದದ್ದು ಬೆಂಚಿನವರೆಗೂ ಕೇಳಿಸಿತು. ಹೆಂಡತಿ ಎದ್ದು ನಿಂತಳು.

ಮಗಳು ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ಹಲ್ಲು ಕಿರಿಯುತ್ತಿದ್ದಳು.

"ಇಷ್ಟು ದಿನ ಎಲ್ಲಿಟ್ಟಿದ್ದೆ ಅಪ್ಪ ಇದನ್ನ?"

"ಬಾ, ಇನ್ನೂ ಇದೆ."

"ಎಲ್ಲಾ ತೆಗಿ. ಒಂದನ್ನೂ ಉಳಿಸ್ಕೋಬೇಡ."

ಮೂರನೇ ನಿಮಿಷ. ಅವಳು ಬಂದಳು, ಅವನು ತಡೆದ. ಬಂದಳು, ತಡೆದ. ಎಡಕ್ಕೆ ಬಂದಳು, ಅವನ ಸೊಂಟ ಮೊದಲೇ ಅಲ್ಲಿತ್ತು. ಅವಳ ಒಂದೊಂದು ಪಟ್ಟನ್ನೂ ಅವನೇ ಕಲಿಸಿದ್ದು, ಅವು ಬರುವ ದಾರಿ ಅವನಿಗೆ ಮನೆ ಮೆಟ್ಟಿಲಿನಷ್ಟು ಪರಿಚಯ. ಅವಳ ಉಸಿರು ಗರಗಸದ ಹಾಗೆ ಕೇಳತೊಡಗಿತು. ಕೆಳತುಟಿ ಎಲ್ಲೋ ತಾಗಿ ಒಡೆದಿತ್ತು, ರಕ್ತ ಗಲ್ಲಕ್ಕೆ ಇಳಿದಿತ್ತು. ಅಂಗೈ ಬೆವತು ಹಿಡಿತ ಜಾರತೊಡಗಿತು.

"ಇನ್ನೊಂದೇ ನಿಮಿಷ" ಎಂದರು ಮಾಸ್ಟ್ರಮ್ಮ.

ಬೀರು ಆ ತುಟಿ ನೋಡಿದ. ನೋಡಬಾರದಿತ್ತು. ಒಂದು ಕ್ಷಣಕ್ಕೆ ಎದುರಾಳಿ ಮಾಯವಾಗಿ ಮಗಳು ಕಂಡಳು. ನಾಳೆ ಬೆಳಗ್ಗೆ ಅವಳು ಮತ್ತೆ ಲಾಂಡ್ರಿಯ ಬಾಗಿಲಲ್ಲಿ ನಿಂತದ್ದು ಕಂಡಿತು. ಹೊದಿಕೆಯ ರಾಶಿ ಕಂಡಿತು. ಹನ್ನೊಂದು ವರ್ಷದ ಹಿಂದೆ ಒಂದು ಮಗುವನ್ನು ಸಮಾಧಾನ ಮಾಡಲು ಆಡಿದ ಮಾತಿಗೆ ಇವತ್ತು ಇವಳ ಬದುಕನ್ನು ಅಡವಿಡುವುದೇ? ಸಾಕು. ಬಿದ್ದುಬಿಡೋಣ. ಐವತ್ತು ಜನರಲ್ಲಿ ಒಬ್ಬರಿಗೂ ಗೊತ್ತಾಗದ ಹಾಗೆ ಬೀಳುವುದು ತನಗೆ ಬರುವ ವಿದ್ಯೆ. ಜೀವಮಾನವೆಲ್ಲ ಅದನ್ನೇ ಮಾಡಿದ್ದಲ್ಲವೇ?

ಅವಳು ಪಕ್ಕಕ್ಕೆ ಹೆಜ್ಜೆ ಹಾಕಿಸಿದಳು. ಒಂದು, ಎರಡು. ಮೂರನೆಯದಕ್ಕೆ ಕಾಲು ಗುಡಿಸಲು ಬಂದಳು.

ಬೀರು ಮೈ ಹಗುರ ಮಾಡಿಕೊಂಡು, ತಾನೇ ಕಾಲೆತ್ತಿ ವಾಲಿದ.

ಆದರೆ ಬೀಳಲಿಲ್ಲ. ಎರಡು ಮುಷ್ಟಿಗಳು ಅವನ ಕಾಲರನ್ನು ಹಿಡಿದು ನಿಲ್ಲಿಸಿದ್ದವು. ತೊಂಬತ್ತು ಕಿಲೋ ಮೈಯನ್ನು ಮಗಳು ಅರ್ಧ ದಾರಿಯಲ್ಲಿ ತಡೆದು, ನಡುಗುವ ತೋಳಿನಿಂದ ಮೇಲಕ್ಕೆಳೆಯುತ್ತಿದ್ದಳು. ಅವಳ ಮುಖ ಅವನ ಕಿವಿಯ ಹತ್ತಿರ ಬಂತು.

"ಕಾಲು ಕೆಳಗಿಡು" ಎಂದಳು, ಅವನಿಗೊಬ್ಬನಿಗೇ ಕೇಳುವಂತೆ.

ಬೀರು ಕಾಲು ಕೆಳಗಿಟ್ಟ.

"ಸಿಕ್ಕಿದ್ದ ಕಣಮ್ಮಾ! ಸಿಕ್ಕಿದ್ದ! ಯಾಕ್ ಬಿಟ್ಟೆ?" ಹಗ್ಗ ತಲೆಯ ಮೇಲೆ ಕೈ ಹೊತ್ತುಕೊಂಡ. ಇಡೀ ಹಾಲು ಗೊಣಗಿತು.

"ಏನಾಯ್ತು?" ಮಾಸ್ಟ್ರಮ್ಮ ಕೇಳಿದರು.

"ಏನಿಲ್ಲ. ಕೈ ಜಾರ್ತು" ಎಂದಳು ಮಗಳು. ರಕ್ತವನ್ನು ತೋಳಿಗೆ ಒರೆಸಿಕೊಂಡು ಹಿಂದೆ ಸರಿದು ನಿಂತಳು. ಅವಳ ಕಣ್ಣಲ್ಲಿ ಇದ್ದದ್ದು ಕೋಪವಷ್ಟೇ. ಅಳು ಇರಲಿಲ್ಲ. ಕೈಗೆ ಬಂದ ಬೆಲ್ಟನ್ನು, ಶಾಲೆಯನ್ನು, ಸೋಮವಾರವನ್ನು ಅವಳು ಮ್ಯಾಟಿನ ಮೇಲೆ ಬಿಸಾಕಿದ್ದಳು. ಉಳಿದದ್ದು ನಲವತ್ತು ಸೆಕೆಂಡು.

ಬೀರುವಿನ ಕಿವಿ ಸುಟ್ಟುಹೋಯಿತು. ಲಾರಿಯಲ್ಲಿ ಇಪ್ಪತ್ತೈದು ವರ್ಷದಲ್ಲಿ ಒಂದು ಕನ್ನಡಿಯನ್ನೂ ಒಡೆದವನಲ್ಲ, ಇನ್ನೊಬ್ಬರ ಸಾಮಾನನ್ನು ಕೈಯಾರೆ ಕೆಳಗೆ ಬಿಟ್ಟವನಲ್ಲ. ಇವಳನ್ನು ಬಿಡಲು ಹೊರಟಿದ್ದ. ಅವಳು ಕೇಳಿದ್ದು ಬೆಲ್ಟನ್ನಲ್ಲ, ತನ್ನನ್ನು ಎದುರಾಳಿ ಅಂತ ಲೆಕ್ಕಕ್ಕೆ ಹಿಡಿಯುವ ಒಬ್ಬನನ್ನು. ಅಪ್ಪನೇ ಹಿಡಿಯದಿದ್ದರೆ ಇನ್ಯಾರು ಹಿಡಿಯುತ್ತಾರೆ?

ಆಯಿತು, ತಗೋ ಹಾಗಾದರೆ.

ಅವನು ನುಗ್ಗಿದ. ಈಗ ಮಗಳೂ ಇರಲಿಲ್ಲ, ಶಾಲೆಯೂ ಇರಲಿಲ್ಲ. ಎದುರಿಗೆ ಎರಡು ಕೈ, ಎರಡು ಕಾಲು, ಒಂದು ಉಸಿರು. ಅವಳ ಹಿಡಿತ ಕಿತ್ತ. ಅವಳು ಹಿಡಿದಳು, ಮತ್ತೆ ಕಿತ್ತ. ಮ್ಯಾಟಿನ ಅಂಚಿನವರೆಗೂ ತಳ್ಳಿಕೊಂಡು ಹೋದ, ಕೂತವರು ಕಾಲು ಮಡಚಿಕೊಂಡು ಹಿಂದೆ ಸರಿದರು. ಅವಳು ಪಕ್ಕಕ್ಕೆ ನುಣುಚಿ ನಡುವಿಗೆ ಓಡಿ ಬಂದಳು. ಇಡೀ ಕೋಣೆ ಕಿರುಚುತ್ತಿತ್ತು. ಯಾರು ಯಾರ ಪರ ಅನ್ನುವುದು ಅವರಿಗೇ ಮರೆತಿತ್ತು. "ಬೀರೂ! ಬೀರೂ!" ಎಂದು ಕೂಗಿದ ಹಗ್ಗನೇ ಮರುಕ್ಷಣ "ಬಿಡಬೇಡಮ್ಮಾ!" ಎನ್ನುತ್ತಿದ್ದ. ಹೆಂಡತಿ ಎರಡು ಮುಷ್ಟಿಗಳನ್ನೂ ಬಾಯಿಗೆ ಒತ್ತಿಕೊಂಡಿದ್ದಳು.

"ಹದಿನೈದು ಸೆಕೆಂಡು!"

ಬೀರು ತನ್ನ ಅತ್ಯುತ್ತಮ ಪಟ್ಟನ್ನು ತೆಗೆದ. ಬಲಗೈಯನ್ನು ಅವಳ ಭುಜದ ಮೇಲಿಂದ ಬೆನ್ನಿಗೆ ಎಸೆದು, ಹಿಂದಿನಿಂದ ಬೆಲ್ಟು ಹಿಡಿದು, ಎದೆಯಿಂದ ಒತ್ತಿ ಅವಳನ್ನು ನೆಲಕ್ಕೆ ಅರೆಯುವುದು. ಅದಕ್ಕೆ ಸಿಕ್ಕವರು ಈವರೆಗೆ ಎದ್ದಿರಲಿಲ್ಲ. ಇಡೀ ಭಾರವನ್ನು ಮುಂದಕ್ಕೆ ಹಾಕಿದ. ಒಂದು ಗುಂಜಿಯಷ್ಟನ್ನೂ ಹಿಂದೆ ಇಟ್ಟುಕೊಳ್ಳಲಿಲ್ಲ.

ಎದೆಗೆ ತಾಗಬೇಕಾದ ಮೈ ಅಲ್ಲಿರಲಿಲ್ಲ.

ಅವಳು ಕೆಳಗೆ ಇಳಿದಿದ್ದಳು. ಅವನ ಕೈ ಬೆಲ್ಟಿಗೆ ತಲುಪುವ ಮೊದಲೇ ಬೆನ್ನು ತಿರುಗಿಸಿ, ಮೊಣಕಾಲು ಮಡಚಿ, ಅವನ ಹೊಟ್ಟೆಯ ಕೆಳಗೆ ನುಸುಳಿದ್ದಳು. ಅವಳ ಸೊಂಟ ಅವನ ಸೊಂಟಕ್ಕಿಂತ ಒಂದು ಗೇಣು ಕೆಳಗಿತ್ತು. ಅವನ ಬಲತೋಳು ಅವಳ ಭುಜದ ಮೇಲೆ ಸಿಕ್ಕಿಕೊಂಡಿತ್ತು. ಮೆಟ್ಟಿಲಿನಲ್ಲಿ ಕಪಾಟು ಇಳಿಸುವಾಗ ಮೇಲಿದ್ದವನು ಎಷ್ಟು ಬೊಬ್ಬೆ ಹೊಡೆದರೂ ಅದು ಹೋಗುವುದು ಕೆಳಗಿದ್ದವನು ಒಯ್ದ ಕಡೆಗೆ. ಬೀರು ಪಾದ ಊರಲು ನೋಡಿದ. ಊರಲು ನೆಲ ಬೇಕಲ್ಲ! ಸೊಂಟ ಇಳಿಸಲು ನೋಡಿದ, ಸೊಂಟ ಮೇಲಕ್ಕೆ ಹೋಗುತ್ತಿತ್ತು. ಎಡಗೈಯಿಂದ ಅವಳ ಅಂಗಿ ಹಿಡಿದು ಜೋತುಬಿದ್ದ. ಬಟ್ಟೆ ಪರ್ರನೆ ಹರಿಯಿತು.

ಅವಳು "ಹೇಯ್" ಎಂದು ಹೊಟ್ಟೆಯಿಂದ ಕೂಗಿದಳು.

ಬಲ್ಬಿನ ಪಂಜರ ಅವನ ಪಾದದ ಕೆಳಗೆ ಕಂಡಿತು. ಕಿಟಕಿ ತಲೆಕೆಳಗಾಗಿ ಹಾದುಹೋಯಿತು. ಸಾವಿರಾರು ಸಲ ಬಿದ್ದಿದ್ದ ಬೀರು ಈ ದಾರಿಯಲ್ಲಿ ಯಾವತ್ತೂ ಹೋಗಿರಲಿಲ್ಲ. ಹಿಂದೆಲ್ಲ ಅವನೇ ಹಾರುತ್ತಿದ್ದ, ಇದು ಹಾರಿಸಿದ್ದು. ಹಾರಿದವನಿಗೆ ನೆಲ ಎಲ್ಲಿದೆ ಅಂತ ಗೊತ್ತಿರುತ್ತದೆ. ಇವನಿಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಎರಡೂ ಭುಜ, ಇಡೀ ಬೆನ್ನು, ಸೊಂಟ, ಎಲ್ಲಾ ಒಂದೇ ಏಟಿಗೆ. ಕೆಳಗಿನ ಟಯರ್ ಅಂಗಡಿಯವನು ಏನಾಯಿತೋ ಎಂದು ಮೆಟ್ಟಿಲ ಹತ್ತಿರ ಓಡಿ ಬಂದ.

ಮಾಸ್ಟ್ರಮ್ಮನ ತೋಳು ನೆಟ್ಟಗೆ ಮೇಲೆದ್ದಿತು. "ಪೂರ್ತಿ!"

ಸದ್ದು ಮುಗಿಲು ಮುಟ್ಟಿತು. ಹಗ್ಗ ಪಕ್ಕದವನನ್ನು ತಬ್ಬಿಕೊಂಡು ಕುಣಿಯುತ್ತಿದ್ದ. ಅವನಾರೋ ಏನೋ, ಇಬ್ಬರಿಗೂ ಪರಿಚಯವೇ ಇರಲಿಲ್ಲ. ಮಗಳು ಮಾಸ್ಟ್ರಮ್ಮನ ಕಡೆ ನೋಡಲಿಲ್ಲ. ಅಪ್ಪನ ತಲೆಯ ಹತ್ತಿರ ಮೊಣಕಾಲೂರಿದಳು. ಒಂದು ತೋಳು ಹರಿದು ಜೋಲಾಡುತ್ತಿತ್ತು.

"ಅಪ್ಪ. ನಿಜ ಹೇಳು."

ಬೀರು ಬಾಯಿ ತೆರೆದ. ಗಾಳಿ ಬರಲಿಲ್ಲ. ಕೈ ಎತ್ತಿ ತಾಳು ಅಂದ. ಎರಡು ಸಲ ಕೆಮ್ಮಿದ ಮೇಲೆ ಗಾಳಿ ಬಂತು, ಅದರ ಜೊತೆ ನಗುವೂ ಬಂತು.

"ನಿನ್ನ ಮೂಳೆ ಮುರಿಯೋಕೆ ಬಂದಿದ್ದೆ ಕಣೇ."

"ಅದು ಗೊತ್ತು. ಕಾಲು?"

"ಎರಡೂ ನೆಲದ ಮೇಲೇ ಇದ್ವು. ನೀನೇ ಕಿತ್ತಿದ್ದು."

ಅವಳು ಅವನ ಮುಖವನ್ನು ಇಷ್ಟಿಷ್ಟೇ ಓದಿದಳು. ಆಮೇಲೆ ಅವನ ಎದೆಯ ಮೇಲೆ ಹಣೆಯಿಟ್ಟು, ಕೂಗುತ್ತಿದ್ದ ಜನರ ನಡುವೆ, ನಕ್ಕಳೋ ಅತ್ತಳೋ ಗೊತ್ತಾಗದ ಹಾಗೆ ಮೈ ಅಲುಗಿಸಿದಳು.

"ಸೂಜಿ ಯಾರು ಹಿಡೀತೀರಿ?" ಎಂದು ಬೆಂಚಿನ ಕಡೆಯಿಂದ ಹೆಂಡತಿ ಕೂಗಿದಳು. ಅವಳ ದನಿ ಒಡೆದಿತ್ತು.

ಮಾಸ್ಟ್ರಮ್ಮ ಕಪ್ಪು ಬೆಲ್ಟನ್ನು ತಂದು ಮಗಳ ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದರು. ಸೋಮವಾರ ಬೆಳಗ್ಗೆ ಅವಳು ಶಾಲೆಗೆ ಹೋದಳು. ಬೀರುವಿಗೆ ಮೂರು ದಿನ ಬೆನ್ನು ಬಗ್ಗಲಿಲ್ಲ.

ಅವನು ಬೇಕಂತಲೇ ಬಿದ್ದಿರಲಿಲ್ಲ. ಕೊಟ್ಟ ಮಾತು ಉಳಿಯಿತು.